ಹಲ್ಲಿನ ಕೋಣೆಗೆ ಬಂದ ಸಾಹೇಬರು

ನನ್ನನ್ನು ಈ ಕೆಲಸಕ್ಕೆ ಯಾರೂ ನೇಮಿಸಲಿಲ್ಲ. ಹಾಗಾಗಿ ಬಿಟ್ಟ ದಿನ ಹಾರ ಹಾಕುವವರೂ ಇರಲಿಲ್ಲ. ಮದುವೆಯಾಗಿ ಚನ್ನಗಿರಿಗೆ ಬಂದೆ. ಯಜಮಾನರು ಹಲ್ಲಿನ ವೈದ್ಯರು, ಮನೆಯ ಮುಂದಿನ ಕೋಣೆಯೇ ಆಸ್ಪತ್ರೆ. ಒಂದು ದಿನ ರೋಗಿಯ ತಲೆ ಹಿಡಿಯಲು ಯಾರೂ ಸಿಗಲಿಲ್ಲವೆಂದು ನನ್ನನ್ನು ಕರೆದರು. ಕೈಗೆ ಮೆತ್ತಿದ್ದ ರೊಟ್ಟಿ ಹಿಟ್ಟು ತೊಳೆದುಕೊಂಡು ಹೋದವಳು, ಅವರು ಕೆಲಸ ನಿಲ್ಲಿಸುವವರೆಗೂ ಆ ಕೋಣೆಯಲ್ಲೇ ಉಳಿದೆ.

ಈಗ ನಮ್ಮ ಬೀದಿಯ ಹುಡುಗಿಯೊಬ್ಬಳು ಹಲ್ಲಿನ ಆಸ್ಪತ್ರೆಯಲ್ಲಿ ಸಹಾಯಕಿಯಾಗಿ ಸೇರಿದ್ದಾಳೆ. ಮೊನ್ನೆ ಬಂದು, "ಅಜ್ಜಿ, ತಪಾಸಣೆಗೆ ಬರ್ತಾರಂತೆ. ಕೈಕಾಲು ನಡುಗ್ತೈತೆ" ಎಂದಳು. ನಡುಗಲಿ ಬಿಡು, ನಮಗೂ ನಡುಗುತ್ತಿತ್ತು ಎಂದೆ. ಅವಳಿಗೆ ಹೇಳಿದ್ದನ್ನೇ ಅವಳಂಥ ಇನ್ನೂ ನಾಲ್ಕು ಜನ ಓದಲಿ ಎಂದು ಬರೆಯುತ್ತಿದ್ದೇನೆ.

ಯಜಮಾನರು ಹಲ್ಲು ಕೀಳುತ್ತಿದ್ದರು, ತುಂಬುತ್ತಿದ್ದರು, ಕಟ್ಟುತ್ತಿದ್ದರು. ಉಳಿದದ್ದೆಲ್ಲ ನನ್ನದು. ಇಕ್ಕಳ, ಕನ್ನಡಿ, ಸೂಜಿ ಕುದಿಸುವುದು. ಅಚ್ಚಿಗೆ ಪ್ಲಾಸ್ಟರ್ ಕಲೆಸುವುದು. ಬಿಳಿ ಪುಡಿಗೆ ಲವಂಗದ ಎಣ್ಣೆ ಹಾಕಿ ಅರೆದು ಹುಳುಕಿಗೆ ಮೆತ್ತುವ ಮುದ್ದೆ ಮಾಡುವುದು. ಕರೆಂಟು ಹೋದರೆ ಬ್ಯಾಟರಿ ಹಿಡಿಯುವುದು. ಎಲೆಅಡಿಕೆ ಉಗುಳಿದ ಬೋಗುಣಿ ತೊಳೆಯುವುದು. ಹೆದರಿದವರ ತಲೆಯನ್ನು ಗಟ್ಟಿಯಾಗಿ ಹಿಡಿದು "ಆತು, ಆತು, ಬಂದೇ ಬಿಡ್ತು" ಎನ್ನುವುದು. ಹುಳುಕು ಕೊರೆಯುವ ಯಂತ್ರವನ್ನು ಹೊಲಿಗೆ ಯಂತ್ರದ ಹಾಗೆ ಕಾಲಿನಲ್ಲಿ ತುಳಿಯಬೇಕಿತ್ತು. ಯಜಮಾನರ ಮೊಣಕಾಲು ಹಿಡಿದುಕೊಂಡ ದಿನ ತುಳಿಯುವ ಕೆಲಸವೂ ನನ್ನ ಪಾಲಿಗೆ ಬರುತ್ತಿತ್ತು. ಕೊರೆಯುವ ಕೈ ಅವರದು, ತುಳಿಯುವ ಕಾಲು ನನ್ನದು. ಕೈ ನಿಂತಾಗ ಕಾಲು ನಿಲ್ಲದಿದ್ದರೆ ರೋಗಿಯ ಗತಿ ಏನು! ಶಿವನ ದಯೆ, ಹಾಗಾಗಲಿಲ್ಲ.

ಚನ್ನಗಿರಿಯ ಮನೆಯಲ್ಲದೆ, ಸಂತೆಯ ದಿನ ಹೊನ್ನಾಳಿಗೂ ನ್ಯಾಮತಿಗೂ ಹೋಗುತ್ತಿದ್ದೆವು. ತಿಂಗಳಿಗೊಮ್ಮೆ ಜಗಳೂರು. ಜಗಳೂರು ನನ್ನ ತವರು. ಅಲ್ಲಿ ಸಂತೆ ಬಯಲಿನ ಅಂಚಿಗೆ ನಮ್ಮಣ್ಣನವು ಎರಡು ಮಳಿಗೆ ಇದ್ದವು. ಒಂದನ್ನು ಟೀ ಅಂಗಡಿಗೆ ಕೊಟ್ಟಿದ್ದ, ಇನ್ನೊಂದನ್ನು ನಮಗೆ ಬಿಟ್ಟಿದ್ದ. ಆಗ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಶಿವಮೊಗ್ಗ ಜಿಲ್ಲೆಗೆ ಸೇರಿದ್ದವು, ಜಗಳೂರು ಚಿತ್ರದುರ್ಗಕ್ಕೆ. ಹೀಗಾಗಿ ಆರೋಗ್ಯ ಇಲಾಖೆಯಿಂದ ನಮ್ಮ ತಪಾಸಣೆಗೆ ಶಿವಮೊಗ್ಗದ ಸಾಹೇಬರೂ ಬರಬಹುದಿತ್ತು, ದುರ್ಗದ ಸಾಹೇಬರೂ ಬರಬಹುದಿತ್ತು. ಒಂದು ಮನೆಗೆ ಇಬ್ಬರು ಅತ್ತೆಯರಿದ್ದ ಹಾಗೆ.

ಈ ಸಾಹೇಬರು ಬಂದರೆ ನಮಗೇಕೆ ಅಷ್ಟು ಭಯ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಯಜಮಾನರು ಕಾಲೇಜಿನಲ್ಲಿ ಓದಿದವರಲ್ಲ. ಸೋದರಮಾವನ ಜೊತೆಗಿದ್ದು ಕೈಕೆಲಸದಿಂದ ಕಲಿತವರು. ದಂತವೈದ್ಯರೆಲ್ಲ ಸರ್ಕಾರದಲ್ಲಿ ಹೆಸರು ನೋಂದಾಯಿಸಬೇಕೆಂಬ ಕಾನೂನು ಬಂದಾಗ, ಮುಂಚಿನಿಂದ ಈ ಕೆಲಸದಲ್ಲೇ ಇದ್ದವರನ್ನೂ ಒಂದು ಭಾಗದಲ್ಲಿ ಸೇರಿಸಿಕೊಂಡಿದ್ದರು. ಅವರ ಹೆಸರು ಅಲ್ಲಿತ್ತು. ಅದು ಸರಿಯೇ, ಕಾನೂನಿನಂತೆಯೇ ಇತ್ತು. ಓದಿದವರು ತಪ್ಪು ಮಾಡಿದರೆ ಜನ ಅದನ್ನು ತಪ್ಪು ಎಂದು ಬಿಡುತ್ತಾರೆ. ನಾವು ಮಾಡಿದರೆ, "ಓದದವರಿಗೆ ಕೊಟ್ಟಿದ್ದೇ ತಪ್ಪು" ಎನ್ನುತ್ತಾರೆ. ಒಂದೇ ಒಂದು ಕೆಟ್ಟ ವರದಿ ಹೋದರೆ ಅವರ ಹೆಸರು ಹೋಗುತ್ತಿತ್ತು, ಹೆಸರು ಹೋದರೆ ಕೆಲಸವೇ ಹೋಗುತ್ತಿತ್ತು. ನಾನು ಇಕ್ಕಳ ಕುದಿಸುವಾಗಲೆಲ್ಲ ಇದು ನನ್ನ ತಲೆಯಲ್ಲಿರುತ್ತಿತ್ತು.

ನಮ್ಮ ಅತ್ತೆಗೆ ಮೊದಮೊದಲು ನಾನು ಈ ಕೆಲಸ ಮಾಡುವುದು ಸೇರುತ್ತಿರಲಿಲ್ಲ. "ಊರೋರ ಎಂಜಲೆಲ್ಲಾ ಮುಟ್ಟಿ ಬಂದು ಲಿಂಗಪೂಜೆಗೆ ಹೆಂಗೆ ಕೂರ್ತೀಯೇ?" ಎನ್ನುತ್ತಿದ್ದರು. ನನಗೂ ಅದು ಒಳಗೊಳಗೇ ಕೊರೆಯುತ್ತಿತ್ತು. ಮನೆಗೆ ಬರುವ ಅಯ್ಯನವರನ್ನು ಕೇಳಿದೆ. ಅವರು, "ಲಿಂಗ ಕಟ್ಟಿದೋರಿಗೆ ಎಂಜಲ ಸೂತಕ ಇಲ್ಲ ಕಣವ್ವ. ನೋವು ಕಳೆಯೋ ಕೈಗೆ ಇನ್ಯಾವ ಮೈಲಿಗೆ? ಸುಮ್ನೆ ಮಾಡು" ಎಂದರು. ಅತ್ತೆ ಮತ್ತೆ ಆ ಮಾತೆತ್ತಲಿಲ್ಲ. ಮನುಷ್ಯರ ಎಂಜಲಿಗೆ ಸೂತಕವಿಲ್ಲ, ಇಕ್ಕಳಕ್ಕೆ ಮಾತ್ರ ಇದೆ ಎಂಬುದನ್ನು ಆಮೇಲೆ ಶಿವಮೊಗ್ಗದ ಸಾಹೇಬರು ಕಲಿಸಿದರು.

ಅವರು ಮೊದಲ ಸಲ ಬಂದಾಗ ಯಜಮಾನರು ಗೋವಿನಕೋವಿಗೆ ಹೋಗಿದ್ದರು. ಅಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕರ ಹಲ್ಲು ನೋಡುವುದಿತ್ತು. ಬಂದವರು ತೆಳ್ಳಗಿನ ಆಸಾಮಿ, ಬಗಲಲ್ಲಿ ಚರ್ಮದ ಚೀಲ. ಬಾಗಿಲಲ್ಲೇ ನಿಂತು ಕೇಳಿದರು: "ವೈದ್ಯರ ಹೆಸರೇನಮ್ಮ?"

ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮಲ್ಲಿರಲಿಲ್ಲ. ಮದುವೆಯಲ್ಲಿ ಒಡಪು ಕಟ್ಟಿ ಹೇಳಿದ್ದೇ ಕೊನೆ.

"ಹೆಸರು ಗೊತ್ತಿಲ್ವೇ? ನೀವು ಯಾರು ಹಾಗಾದ್ರೆ?"

"ಅವ್ರ ಮನೆಯೋರು."

"ಮನೆಯೋರಿಗೇ ಹೆಸರು ಗೊತ್ತಿಲ್ಲ ಅಂದ್ರೆ ಈ ವೈದ್ಯರು ಯಾರು, ಎಲ್ಲಿಂದ ಬಂದೋರು?" ಅವರ ಹುಬ್ಬು ಮೇಲೇರಿತು. ಪರರ ಹೆಸರಿನಲ್ಲಿ ಯಾರೋ ನಡೆಸುತ್ತಿದ್ದಾರೆ ಎಂದುಕೊಂಡರೇನೋ.

ಬಾಗಿಲ ಸಂದಿಯಿಂದ ಅತ್ತೆ ತಲೆ ಹಾಕಿದರು. "ಅವಳು ಹೆಂಗೆ ಹೇಳ್ತಾಳ್ರೀ? ನನ್ನ ಮಗನ ಹೆಸರು ನಾನು ಹೇಳ್ತೀನಿ, ಬರ್ಕಳಿ" ಎಂದು ಮೂರು ತಲೆಮಾರಿನ ಹೆಸರು, ಊರು, ಮನೆದೇವರು ಎಲ್ಲವನ್ನೂ ಒಪ್ಪಿಸಿದರು. ಸಾಹೇಬರು ಗೋಡೆಯ ಮೇಲಿನ ಸರ್ಟಿಫಿಕೇಟು ನೋಡಿ ಹೊಂದಿಸಿಕೊಂಡರು. ಅಷ್ಟಾದ ಮೇಲೆ, "ಇಕ್ಕಳ ಎಲ್ಲಿ ಕುದಿಸ್ತೀರಿ, ಎಷ್ಟೊತ್ತು ಕುದಿಸ್ತೀರಿ, ತೋರಿಸಿ" ಎಂದರು.

ಇಲ್ಲಿ ನನ್ನ ಆಗಿನ ಪದ್ಧತಿ ಹೇಳಬೇಕು. ಹಿತ್ತಲ ಕಡೆಯ ಸ್ಟೋವಿನ ಮೇಲೆ ಕುದಿಸುವ ಡಬ್ಬಿ ಇಡುತ್ತಿದ್ದೆ. ನಮ್ಮ ಮನೆಯಲ್ಲಿ ಗಡಿಯಾರವೆಂದರೆ ಯಜಮಾನರ ಕೈಯದೊಂದೇ, ಅದು ಅವರ ಜೊತೆ ಊರೂರು ತಿರುಗುತ್ತಿತ್ತು. ಹಾಗಾಗಿ ನೀರು ಕುದಿಬಂದ ಮೇಲೆ ಪಕ್ಕದಲ್ಲಿ ಕುಳಿತು ರುದ್ರಾಕ್ಷಿ ಸರ ಹಿಡಿದು ಪಂಚಾಕ್ಷರಿ ಜಪಿಸುತ್ತಿದ್ದೆ. ಎರಡು ಸುತ್ತು ಮುಗಿದರೆ ಇಪ್ಪತ್ತು ನಿಮಿಷ. ಯಜಮಾನರೇ ಒಮ್ಮೆ ಕೈಗಡಿಯಾರ ಹಿಡಿದು ನೋಡಿ ಸರಿ ಎಂದಿದ್ದರು. ಇಕ್ಕಳವೂ ಶುದ್ಧವಾಗುತ್ತದೆ, ನನ್ನ ಜಪವೂ ಆಗುತ್ತದೆ ಎಂದು ನನಗೆ ಬಹಳ ಸಮಾಧಾನವಿತ್ತು.

ಸಾಹೇಬರಿಗೆ ಇದನ್ನೇ ಹೇಳಿದೆ. ಅವರು ನಗಲಿಲ್ಲ. ಮಣೆ ಎಳೆದುಕೊಂಡು ಕುಳಿತು, ತೋಳು ಮಡಚಿ ಕೈಗಡಿಯಾರ ನೋಡುತ್ತಾ, "ಮಾಡಿ" ಎಂದರು. ನೀರು ಕುದಿಯಿತು. ಶುರುಮಾಡಿದೆ. ಮಣಿಗಳು ಬೆರಳ ನಡುವೆ ಒಂದರ ಹಿಂದೊಂದು ಜಾರಿದವು. ಎರಡು ಸುತ್ತು ಮುಗಿಸಿ ಸ್ಟೋವು ಆರಿಸಿದೆ.

"ಹನ್ನೊಂದು ನಿಮಿಷ" ಎಂದರು ಸಾಹೇಬರು.

ನನಗೆ ಭೂಮಿ ಬಾಯಿ ಬಿಟ್ಟಂತಾಯಿತು. ಅವರ ದನಿ ಮೆತ್ತಗಾಯಿತು. "ಅಮ್ಮಾ, ನಿಮ್ಮ ಭಕ್ತಿ ಅಳೆಯೋಕೆ ನಾನು ಬಂದಿಲ್ಲ. ಹೆದರಿಕೆ ಆದಾಗ ಜಪ ಓಡುತ್ತೆ. ಗಡಿಯಾರ ಓಡೋದಿಲ್ಲ. ಒಂದು ಗಡಿಯಾರ ಇಡಿ. ಇನ್ನೊಂದು ಮಾತು, ಈ ಡಬ್ಬೀನ ಹಿತ್ತಲಲ್ಲಿ ಬಚ್ಚಿಡಬೇಡಿ. ಮುಂದಿನ ಕೋಣೆಯಲ್ಲಿಡಿ, ಕೂತೋರು ನೋಡಲಿ. ಮತ್ತೆ ಬರ್ತೀನಿ. ಆಗಲೂ ಹೀಗೇ ಇದ್ರೆ ಬರೆದು ಕಳಿಸಬೇಕಾಗುತ್ತೆ."

ಅವರು ಬೀದಿ ದಾಟಿದ್ದೇ ಅತ್ತೆ ಸೊಂಟದ ಮೇಲೆ ಕೈಯಿಟ್ಟರು. "ಅಲ್ವೇ, ಪಂಚಾಕ್ಷರೀನ ರೈಲು ಬಿಟ್ಟಂಗೆ ಬಿಟ್ಯಲ್ಲೇ! ಶಿವ ಎಲ್ಲಿ ಹತ್ತಬೇಕು ಅದ್ರಾಗೆ?"

ದಾವಣಗೆರೆಯಿಂದ, ಇಪ್ಪತ್ತು ನಿಮಿಷಕ್ಕೆ ತಿರುಗಿಸಿಟ್ಟರೆ ಗಂಟೆ ಹೊಡೆಯುವ ಅಲಾರಾಂ ಗಡಿಯಾರ ತರಿಸಿದೆವು. ಅದು ಹೊಡೆದರೆ ಬೀದಿಯೆಲ್ಲ ಕೇಳುತ್ತಿತ್ತು. ಒಮ್ಮೆ ಸವಳಂಗದ ಕಡೆಯ ರೈತರೊಬ್ಬರು ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದಾಗ ಗಂಟೆ ಹೊಡೆಯಿತು, ಅವರು ಬೆಚ್ಚಿಬಿದ್ದ ಗಳಿಗೆಯಲ್ಲೇ ಯಜಮಾನರು ಹಲ್ಲು ತೆಗೆದುಬಿಟ್ಟರು. "ಬಸ್ಸು ಹೊಂಟ್ತೇನೋ ಅನ್ಕಂಡೆ, ಹಲ್ಲು ಹೊಂಟಿತ್ತು" ಎಂದು ಆತ ಹೋದಲ್ಲೆಲ್ಲ ಹೇಳಿಕೊಂಡು ತಿರುಗಿದರು. ಅದಾದ ಮೇಲೆ ಆ ಕಡೆಯಿಂದ ರೋಗಿಗಳು ಹೆಚ್ಚಾದರು.

ಸಾಹೇಬರು ಮಾತಿನಂತೆ ಮತ್ತೆ ಬಂದರು. ಈ ಸಲ ಯಜಮಾನರೂ ಇದ್ದರು. ಮುಂದಿನ ಕೋಣೆಯಲ್ಲಿ ಸ್ಟೋವು, ಡಬ್ಬಿ, ಗಡಿಯಾರ ಎಲ್ಲ ಸಾಲಾಗಿ ಇದ್ದವು. ನೋಡಿ ತಲೆಯಾಡಿಸಿ ಹೊರಗೆ ಕಾಲಿಟ್ಟರು, ಅಷ್ಟರಲ್ಲಿ ಹೆಂಚಿನ ಮೇಲಿಂದ ಉರುಳಿದ ಒಂದು ಸಗಣಿ ಉಂಡೆ ಅವರ ಪಾದದ ಹತ್ತಿರವೇ ಬಿದ್ದು ಒಡೆಯಿತು. ಒಳಗಿಂದ ಒಂದು ಹಲ್ಲು ಹೊರಬಂತು.

"ಏನ್ರೀ ಇದು! ಕಿತ್ತ ಹಲ್ಲನ್ನೆಲ್ಲ ಸೂರಿನ ಮೇಲೆ ಎಸೀತೀರಾ?"

ಮಕ್ಕಳ ಹಾಲುಹಲ್ಲು ಬಿದ್ದರೆ ಸಗಣಿಯಲ್ಲಿ ಮುಚ್ಚಿ ಸೂರಿನ ಮೇಲೆ ಎಸೆಯುವುದು ಎಲ್ಲ ಕಡೆ ಇರುವುದೇ. ನಮ್ಮ ಬೀದಿಯವರು ಮಾತ್ರ, ಹಲ್ಲಿನ ಡಾಕ್ಟರ ಸೂರಿನ ಮೇಲೆ ಎಸೆದರೆ ಗಟ್ಟಿ ಹಲ್ಲು ಬರುತ್ತದೆಂದು ತಮ್ಮ ಸೂರು ಬಿಟ್ಟು ನಮ್ಮದಕ್ಕೇ ಎಸೆಯುತ್ತಿದ್ದರು. ಅತ್ತೆ ಹೊರಗೆ ಬಂದು, "ಒಳಗಿರೋ ಹಲ್ಲಿಗೆ ನಾವು ಜವಾಬ್ದಾರಿ ಸಾಹೇಬ್ರೆ. ಮೇಲಿಂದ ಬರೋದಕ್ಕೆ ದೇವ್ರು" ಎಂದರು. ಸಾಹೇಬರು ಅಂದು ಮೊದಲ ಸಲ ನಕ್ಕರು. ವರದಿ ಚೆನ್ನಾಗಿಯೇ ಹೋಯಿತು. ಅದೊಂದು ಕೃಪೆ.

ಕುದಿಸುವುದು ಮುಂದಿನ ಕೋಣೆಗೆ ಬಂದ ಮೇಲೆ ಬಹಳ ಬದಲಾಯಿತು. ರೋಗಿಗಳೇ "ಗಂಟೆ ಇನ್ನೂ ಹೊಡೆದಿಲ್ಲ ಕಣ್ರಿ" ಎಂದು ನಮ್ಮನ್ನು ತಡೆಯಲು ಶುರುಮಾಡಿದರು. ಹೆಣ್ಣುಮಕ್ಕಳೇ, ನಿಮಗೆ ಈಗ ಹಬೆಯ ಯಂತ್ರವಿದೆ, ಒಂದೇ ಸಲ ಬಳಸಿ ಬಿಸಾಡುವ ಸೂಜಿಯಿದೆ. ನಮಗೆ ಗಾಜಿನ ಸಿರಿಂಜು. ಸೂಜಿಯ ಮೊನೆ ಮೊಂಡಾದರೆ ಸಾಣೆ ಕಲ್ಲಿನ ಮೇಲೆ ಉಜ್ಜಿ, ಹತ್ತಿಯ ಮೇಲೆ ಎಳೆದು, ಎಳೆ ಸಿಕ್ಕಿಕೊಳ್ಳದಿದ್ದರೆ ಸರಿಯಾಯಿತೆಂದು ತಿಳಿಯುತ್ತಿದ್ದೆವು. ಕೊನೆಯ ವರ್ಷಗಳಲ್ಲಿ ಬಿಸಾಡುವ ಸೂಜಿ ಬಂದಾಗ, ಇಷ್ಟು ಚೂಪಾಗಿರುವುದನ್ನು ಎಸೆಯುವುದೇ ಎಂದು ಎಷ್ಟೋ ದಿನ ನನಗೆ ಕೈ ಬರಲಿಲ್ಲ. ಎಸೆಯಿರಿ, ಯೋಚಿಸಬೇಡಿ. ನಮ್ಮ ಕಾಲ ಒಳ್ಳೆಯದಿತ್ತೆಂದು ನಾನು ಹೇಳುವುದಿಲ್ಲ.

ಇನ್ನು ಹೊನ್ನಾಳಿಯ ಸಂಗತಿ. ಅಲ್ಲೊಬ್ಬ ಜವಳಿ ವ್ಯಾಪಾರಿ, ಊರೂರ ಸಂತೆಗೆ ಬಟ್ಟೆಯ ಗಂಟು ಹೊತ್ತುಕೊಂಡು ತಿರುಗುವವರು. ದವಡೆ ಹಿಡಿದುಕೊಂಡು ಬಂದರು. ಅವರಿಗಿಂತ ಮುಂಚೆ ಕುರ್ಚಿಯಿಂದ ಎದ್ದು ಹೋದವರು ಚಪ್ಪಲಿ ಹೊಲಿಯುವ ಒಬ್ಬ ಅಜ್ಜ. ಅದನ್ನು ಇವರು ನೋಡಿದ್ದರು.

"ಡಾಕ್ಟ್ರೆ, ನಮ್ಮಂಥೋರಿಗೆ ಅಂತ ಒಂದು ಜೊತೆ ಇಕ್ಕಳ ಬೇರೆ ಇಟ್ಬಿಡ್ರಿ. ಕಂಡಕಂಡೋರ ಬಾಯಿಗೆ ಹಾಕಿದ್ದು ನಮ್ ಬಾಯಿಗೆ ಬ್ಯಾಡ."

ಯಜಮಾನರು ಜಗಳಕ್ಕೆ ಹೋಗುವವರಲ್ಲ. ಏನೋ ಸಮಾಧಾನ ಹೇಳಲು ನೋಡುತ್ತಿದ್ದರು. ನನ್ನ ಬಾಯಿ ತಡೆಯಲಿಲ್ಲ. "ಅಣ್ಣಾರೆ, ನಿಮ್ಮ ಬಾಯಿಗೆ ಹಾಕಿದ್ದೂ ನಿಮ್ಮ ಹಿಂದೆ ಬರೋರಿಗೆ ಎಂಜಲೇ. ಎಲ್ಲಾ ಎಂಜಲೂ ಒಂದೇ ನೀರಾಗೆ ಕುದೀತೈತೆ. ಗಂಟೆ ಹೊಡೆಯೋಗಂಟ ಕೂತ್ಕಳ್ರಿ."

"ಡಾಕ್ಟ್ರು ಯಾರು ಇಲ್ಲಿ? ನೀನಾ, ಇವರಾ? ಹೆಣ್ಣೆಂಗಸು ಸುಮ್ನಿರಮ್ಮ."

ಆಗ ಯಜಮಾನರು ತಲೆಯೆತ್ತದೆ, "ಕುದಿಸೋದು ಅವಳ ಇಲಾಖೆ ಕಣ್ರಿ. ಅದ್ರಾಗೆ ನಾನೂ ಬಾಯಿ ಹಾಕಲ್ಲ" ಎಂದರು. ಸುತ್ತ ಕುಳಿತವರು ಕಿಸಕ್ಕೆಂದರು. ವ್ಯಾಪಾರಿ ಹಲ್ಲು ಕೀಳಿಸದೆಯೇ ಎದ್ದು ಹೋದರು. ಹಲ್ಲುನೋವು ಒಂದಲ್ಲ ಒಂದು ದಿನ ನಿಲ್ಲುತ್ತದೆ, ನಾಲ್ಕು ಜನರೆದುರು ಆದ ಅವಮಾನ ನಿಲ್ಲುವುದಿಲ್ಲ. ಅವರು ಸುಮ್ಮನಿರಲಿಲ್ಲ. ನಾವು ಹೋಗುವ ಜಗಳೂರು ಸಂತೆಗೂ ಅವರು ಬರುತ್ತಿದ್ದರು, ಎದುರಿಗೇ ಅವರ ಬಟ್ಟೆ ಅಂಗಡಿ. ಅಲ್ಲಿಂದ ನಮ್ಮನ್ನು ನೋಡುತ್ತಲೇ ಇದ್ದರು.

ಒಂದು ಬೇಸಿಗೆ. ಎಲ್ಲೂ ಸೀಮೆಎಣ್ಣೆ ಸಿಗದ ದಿನಗಳು. ಚನ್ನಗಿರಿಯ ಡಿಪೋದಲ್ಲಿ ಇರಲಿಲ್ಲ, ಜಗಳೂರಿನಲ್ಲಿ ಇಳಿದು ಕೇಳಿದರೆ ಅಲ್ಲೂ ಇಲ್ಲ. ಕೋಣೆಯ ಮುಂದೆ ಆಗಲೇ ಜನ ಕುಳಿತಿದ್ದರು. ಕುರಿ ಕಾಯುವವರು, ಶೇಂಗಾ ಸುಲಿಯುವ ಹೆಂಗಸರು, ಎಲ್ಲರೂ ದೂರದ ಹಳ್ಳಿಯವರು. ಸ್ಟೋವು ಬರಿದು. ಇವರನ್ನು ಮುಟ್ಟುವುದು ಹೇಗೆ?

ಪಕ್ಕದ ಟೀ ಅಂಗಡಿಯ ಮಾಬೂಬಿ ನನ್ನ ಮುಖ ನೋಡಿಯೇ ಕೇಳಿದಳು. "ಯಾಕಕ್ಕ, ಹಿಂಗೆ ನಿಂತಿ?"

ಹೇಳಿದೆ.

"ಅಷ್ಟೇನಾ! ನಮ್ಮ ಒಲಿ ಉರಿಯಾಕತ್ತೈತಲ್ಲ, ತಂದಿಡು. ಇಲ್ಲಿ ಚಾ, ಮಿರ್ಚಿ ಬಿಟ್ರೆ ಇನ್ನೇನೂ ಮಾಡಂಗಿಲ್ಲ, ನೀನು ಅನುಮಾನ ಪಡಬ್ಯಾಡ."

"ಬೆಂಕಿಗೆ ಯಾವ ಅನುಮಾನ ಮಾರಾಯ್ತಿ" ಎಂದು ನನ್ನ ಡಬ್ಬಿಯನ್ನು ನಮ್ಮ ನೀರು ಹಾಕಿ ಅವಳ ಸೌದೆ ಒಲೆಯ ಮೇಲಿಟ್ಟೆ. ಗಡಿಯಾರವನ್ನು ಪಕ್ಕದಲ್ಲಿಟ್ಟು ಕಾಯುತ್ತಾ ಕುಳಿತೆ. ಬೆಂಚಿನ ಮೇಲೆ ಟೀ ಕುಡಿಯುತ್ತಿದ್ದ ದಪ್ಪ ಕನ್ನಡಕದ ಒಬ್ಬರು ನಮ್ಮ ಕಡೆಯೇ ನೋಡುತ್ತಿದ್ದರು. ಎದ್ದು ಬಂದು ಡಬ್ಬಿಯ ಮುಚ್ಚಳ ಎತ್ತಲು ಕೈ ಚಾಚಿದರು.

"ಏ, ಕೈ ತೆಗೀರಿ!" ಎಂದು ಗದರಿದೆ. "ಟೀ ಕುಡಿಯಾಕೆ ಬಂದೋರು ಟೀ ಕುಡೀರಿ."

ಮಾಬೂಬಿಯೂ ಸೇರಿಸಿದಳು. "ಅದು ಪಾಯಸ ಅಲ್ರೀ ಯಜಮಾನ್ರೇ, ಹಲ್ಲು ಕೀಳೋ ಇಕ್ಕಳ!"

ಅವರು ಕೈ ಹಿಂದೆಗೆದುಕೊಂಡು, ಜೇಬಿನಿಂದ ಕರವಸ್ತ್ರ ತೆಗೆದು ಬೆವರೊರೆಸಿ, ನಿಧಾನವಾಗಿ ಹೇಳಿದರು: "ನಾನು ದುರ್ಗದಿಂದ ಬಂದಿದೀನಿ. ನಿಮ್ಮ ಮೇಲೆ ದೂರು ಬಂದಿದೆ."

ಎದುರಿನ ಬಟ್ಟೆ ಅಂಗಡಿಯಿಂದ ವ್ಯಾಪಾರಿ ಕೆಳಗಿಳಿದು ಬಂದು ಒಂದು ಮಾರು ದೂರದಲ್ಲಿ ಕೈಕಟ್ಟಿ ನಿಂತರು. ಯಾರ ದೂರೆಂದು ಕೇಳಬೇಕಾಗಿರಲಿಲ್ಲ.

ಸಾಹೇಬರು ಯಜಮಾನರನ್ನೂ ಕರೆದು ಓದಿ ಹೇಳಿದರು. ದೂರಿನಲ್ಲಿ ಎರಡು ಮಾತಿದ್ದವು. ಡಾಕ್ಟರ ಹೆಂಡತಿಯೇ ಹಲ್ಲು ಕೀಳುತ್ತಾಳೆ. ಇಕ್ಕಳವನ್ನು ಶುದ್ಧ ಮಾಡುವುದಿಲ್ಲ.

ಮೊದಲನೆಯದಕ್ಕೆ ನಾನು ಉತ್ತರ ಕೊಡುವ ಮೊದಲೇ, ಸಾಲಿನ ಮುಂದೆ ಕುಳಿತಿದ್ದ ಕುರಿ ಕಾಯುವ ಕರಿಯವ್ವನನ್ನು ಸಾಹೇಬರು ಕೇಳಿದರು: "ಅಜ್ಜಿ, ನಿಂಗೆ ಮುಂಚೆ ಇಲ್ಲಿ ಹಲ್ಲು ಕಿತ್ತೋರು ಯಾರು?"

"ಅಯ್ಯ, ಡಾಕ್ಟ್ರಪ್ಪ ಕಿತ್ತ. ಈಯಮ್ಮ ತಲಿ ಹಿಡ್ಕಂಡಿದ್ಲು."

"ನಿಜ ಹೇಳ್ತಿದೀಯಾ?"

"ಸುಳ್ಳು ಯಾಕೆ ಹೇಳ್ಲಿ? ಕಿತ್ತೋನು ಅವನು, ನಾನು ಬೈದಿದ್ದು ಈಯಮ್ಮನ್ನ. ತಲಿ ಹಂಗೆ ಅವಚಿ ಹಿಡಿದಿದ್ಲು, ಬೈಯಾಕೆ ಅವ್ಳ ಕಿವಿನೇ ಹತ್ರ ಇತ್ತು!"

ಜನ ನಕ್ಕರು. ಸಾಹೇಬರು ನಗಲಿಲ್ಲ. "ಅದು ಸರಿ. ಎರಡನೇದು ನಾನೇ ಕಣ್ಣಾರೆ ಕಂಡೆ" ಎಂದು ಒಲೆಯ ಕಡೆ ತೋರಿಸಿದರು. "ನೀವು ಕುದಿಸ್ತೀರಿ, ಒಪ್ಪಿದೆ. ಎಲ್ಲಿ ಕುದಿಸ್ತಿದೀರಿ? ಟೀ ಅಂಗಡೀಲಿ. ಹೋಗಿ ಬರೋರೆಲ್ಲ ಕೈ ಹಾಕಬಹುದು. ನಾನೇ ಹಾಕ್ತಿದ್ದೆ. ಇದನ್ನ ಚಿಕಿತ್ಸೆಯ ಕೋಣೆ ಅಂತ ನಾನು ಹೆಂಗೆ ಬರೀಲಿ? ಮುಚ್ಚಿಸಬೇಕಾಗುತ್ತೆ. ವರದಿ 'ಅಶುದ್ಧ' ಅಂತ ಹೋದ್ರೆ ನೋಂದಣಿವರೆಗೂ ಹೋಗುತ್ತೆ, ತಿಳ್ಕೊಳ್ಳಿ."

ಅವರ ಮಾತಿನಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ. ಯಜಮಾನರು ಗೋಡೆಗೆ ಕೈಯೂರಿ ನಿಂತಿದ್ದರು. ಹುಡುಗನಾಗಿದ್ದಾಗಿನಿಂದ ಕಲಿತ ವಿದ್ಯೆಯೊಂದೇ ಅವರಿಗೆ ಗೊತ್ತಿದ್ದದ್ದು.

ಇದೇ ಸಮಯವೆಂದು ವ್ಯಾಪಾರಿ ಕುಳಿತವರ ಕಡೆ ತಿರುಗಿದರು. "ಸಾಬರ ಒಲೆ ಮೇಲೆ ಬೇಯಿಸಿದ್ದನ್ನ ಬಾಯಿಗಿಟ್ಕಳ್ತೀರೇನ್ರೋ? ಎದ್ದು ನಡೀರಿ ಸುಮ್ನೆ!"

ಇಬ್ಬರು ಎದ್ದೇ ನಿಂತರು. ಮಾಬೂಬಿ ತಲೆಯ ಸೆರಗು ಎಳೆದುಕೊಂಡು ಒಲೆಯ ಬೆಂಕಿಯನ್ನೇ ನೋಡುತ್ತಿದ್ದಳು. ಅವಳ ಮುಖ ನೋಡಲಾಗದೆ ನನಗೆ ಸಂಕಟವಾಯಿತು.

ಅಷ್ಟರಲ್ಲಿ ಒಲೆಯ ಪಕ್ಕದ ಗಡಿಯಾರ ಗಂಟೆ ಹೊಡೆಯಿತು.

ನಾನು ಸಾಹೇಬರಿಗೆ ಕೈಮುಗಿದೆ. "ಸಾಹೇಬ್ರೆ, ಮುಚ್ಚಿಸೋದಾದ್ರೆ ಮುಚ್ಚಿಸ್ರಿ, ನಿಮ್ಮ ಮಾತು ನ್ಯಾಯ ಐತೆ. ಕುದ್ದಿದ್ದು ಮಾತ್ರ ಕುದ್ದೈತೆ, ನೀವೇ ನೋಡೀರಿ, ಒಬ್ರ ಕೈಯೂ ಸೋಕಿಲ್ಲ. ಈ ಜನ ಎಲ್ಲೆಲ್ಲಿಂದಲೋ ಬಂದು ಕೂತೈತೆ. ಇವರದ್ದು ಮುಗಿಸಾಕೆ ಬಿಡ್ರಿ. ಪಕ್ಕದಾಗೇ ನಿಂತು ನೋಡ್ರಿ. ಆಮೇಲೆ ನಿಮ್ಮಿಷ್ಟ."

ಸಾಹೇಬರು ಕುಳಿತವರನ್ನು ನೋಡಿದರು. "ಇವರೂ ಒಪ್ಪಬೇಕಲ್ಲ?"

ಕರಿಯವ್ವ ಕೋಲೂರಿ ಎದ್ದಳು. ನೇರ ವ್ಯಾಪಾರಿಯ ಮುಂದೆ ಹೋಗಿ ನಿಂತಳು. "ಏ ಬಟ್ಟಿ ಸಾವ್ಕಾರ, ನಿನ್ನ ಅಂಗಡಿ ಸೀರಿ ಯಾವ ಮಗ್ಗದಾಗೆ ಯಾರು ನೇಯ್ದಿದ್ದು ಅಂತ ಕೇಳಿ ಉಟ್ಕಂತೀವೇನೋ ನಾವು? ಕೇಳಾಕೆ ಹೊಂಟ್ರೆ ನಿನ್ನ ಸಂತೆಯಾಗೆ ಹೆಂಗಸ್ರೆಲ್ಲಾ ಬೆತ್ತಲೆ ನಿಂದ್ರಬೇಕಾಗ್ತೈತಿ! ರೊಟ್ಟಿ ಕಡಿಯಾಕಾಗದೆ ಅಂಬ್ಲಿ ಕುಡಿದು ಸಾಯಾಕತ್ತೀನಿ. ಒಲಿ ಯಾರದಾರ ಇರ್ಲಿ."

ಸಂತೆಯ ಆ ಮೂಲೆಯೆಲ್ಲ ಘೊಳ್ಳೆಂದಿತು. ಕರಿಯವ್ವ ಒಳಗೆ ಹೋಗಿ ಕುರ್ಚಿಯಲ್ಲಿ ಕುಳಿತು ಬಾಯಿ ತೆರೆದಳು. ಎದ್ದು ನಿಂತಿದ್ದ ಇಬ್ಬರಲ್ಲಿ ಒಬ್ಬರು ಮತ್ತೆ ಕುಳಿತರು. ಇನ್ನೊಬ್ಬರು ಹೋದರು. ಹೋಗಲಿ, ಎಲ್ಲರನ್ನೂ ಗೆಲ್ಲಲಾಗುತ್ತದೆಯೇ.

ಡಬ್ಬಿಯನ್ನು ಮುಚ್ಚಿದಂತೆಯೇ ಬಟ್ಟೆಯಲ್ಲಿ ಹಿಡಿದು ನಾನೇ ಒಳಗೆ ತಂದೆ. ಸಾಹೇಬರು ಬಾಗಿಲಿಗೆ ಒರಗಿ ನಿಂತು ಕೊನೆಯವರೆಗೂ ನೋಡಿದರು. ಒಬ್ಬರದು ಮುಗಿದಂತೆ ಡಬ್ಬಿ ಮತ್ತೆ ಒಲೆಗೆ, ಮತ್ತೆ ಗಂಟೆ, ಮತ್ತೆ ಒಳಗೆ. ಹೊರಗೆ ಒಳಗೆ ಓಡಾಡಿ ಓಡಾಡಿ ನನ್ನ ಕಾಲು ಬಿದ್ದುಹೋದವು.

ಜನ ಕರಗಿದ ಮೇಲೆ ಸಾಹೇಬರು ಎರಡು ಮಳಿಗೆಯ ನಡುವಿನ ಗೋಡೆಯನ್ನು ಬೆರಳ ಗೆಣ್ಣಿನಿಂದ ತಟ್ಟಿದರು. "ಒಲೆ ಗೋಡೆಯ ಆ ಕಡೆಗಿದೆ. ನನಗಿರೋ ತಕರಾರು ಇದೊಂದೇ. ಕುದಿಯೋದು ನಿಮ್ಮ ಕೋಣೆಯೊಳಗೇ ಆಗಬೇಕು. ಸೀಮೆಎಣ್ಣೆ ಇಲ್ಲ ಅನ್ನೋ ಮಾತು ನಾನು ಪ್ರತಿ ಸಲ ಕೇಳೋಕಾಗಲ್ಲ."

ನನಗೆ ತಟ್ಟನೆ ನಮ್ಮ ತವರುಮನೆಯ ಬಚ್ಚಲು ಹೊಳೆಯಿತು. ಹಂಡೆ ಒಳಗಿರುತ್ತದೆ, ಒಲೆಯ ಬಾಯಿ ಗೋಡೆಯ ಆಚೆಗಿರುತ್ತದೆ. ಹೊರಗೆ ನಿಂತು ಉರಿ ಹಾಕಿದರೆ ಒಳಗೆ ನೀರು ಕಾಯುತ್ತದೆ. ಹೇಳಿದೆ. ಮಾಬೂಬಿಯ ಗಂಡ ಗಾರೆ ಕೆಲಸದವನು, ಅಲ್ಲೇ ನಿಂತಿದ್ದ. "ಆಗ್ತೈತ್ರೀ ಸಾಹೇಬ್ರೆ, ಅದೇನು ದೊಡ್ಡದಲ್ಲ" ಎಂದ. ನಮ್ಮಣ್ಣ ಗೋಡೆ ಒಡೆಯಲು ಒಪ್ಪಿದ. ಸಾಹೇಬರು ಯೋಚಿಸಿ, "ಮುಂದಿನ ತಿಂಗಳು ಇದೇ ಸಂತೆಗೆ ಬರ್ತೀನಿ. ನೋಡಿಯೇ ವರದಿ ಬರೀತೀನಿ" ಎಂದು ಜೀಪು ಹತ್ತಿದರು.

ಆ ತಿಂಗಳು ನಾನು ಪೂಜೆಗೆ ಕುಳಿತರೆ ಕಣ್ಣಮುಂದೆ ಲಿಂಗಕ್ಕಿಂತ ಆ ಗೋಡೆಯೇ ಬರುತ್ತಿತ್ತು. ಯಜಮಾನರು ಊಟಕ್ಕೆ ಕುಳಿತು ಅನ್ನ ಕಲೆಸುತ್ತಲೇ ಇರುತ್ತಿದ್ದರು, ಉಣ್ಣುತ್ತಿರಲಿಲ್ಲ.

ಸಂತೆ ಬಂತು. ಸಾಹೇಬರೂ ಬಂದರು. ನಮ್ಮ ಕೋಣೆಯ ಮೂಲೆಯಲ್ಲಿ, ಸುಣ್ಣ ಬಳಿದ ಕಟ್ಟೆಯ ಮೇಲೆ ಡಬ್ಬಿ ಕುಳಿತಿತ್ತು. ಅದರ ಕೆಳಗಿನ ಉರಿ ನಮಗೆ ಕಾಣುತ್ತಿರಲಿಲ್ಲ, ಹೊಗೆಯೂ ಇಲ್ಲ. ಗೋಡೆಯಲ್ಲಿ, ಕಟ್ಟೆಗಿಂತ ಮೇಲೆ, ಕೂಗಿದರೆ ಕೇಳಲೆಂದು ಅಂಗೈಯಗಲದ ಕಿಂಡಿ. ಸಾಹೇಬರು ಕಟ್ಟೆ ಮುಟ್ಟಿದರು, ಡಬ್ಬಿಯ ಸುತ್ತ ನೋಡಿದರು, ಬೋಗುಣಿ ನೋಡಿದರು, ನನ್ನ ಉಗುರು ನೋಡಿದರು. ಕೊನೆಗೆ ಬಗ್ಗಿ ಕಿಂಡಿಗೆ ಮುಖವಿಟ್ಟು, "ಆ ಕಡೆ ಉರಿ ನೋಡಿಕೊಳ್ಳೋರು ಯಾರು?" ಎಂದರು.

ಆಚೆಯಿಂದ ಮಾಬೂಬಿಯ ದನಿ ಬಂತು. "ನಾನು ಸಾಹೇಬ್ರೆ. ಜಲ್ದಿ ಹೇಳ್ರಿ, ಚಾ ಬೇಕಾ, ಕುದಿ ಬೇಕಾ?"

ಸಾಹೇಬರು ನಗು ತಡೆಯಲಾಗದೆ ಕನ್ನಡಕ ತೆಗೆದು ಒರೆಸಿಕೊಂಡರು. ಅಲ್ಲೇ ಸ್ಟೂಲಿನ ಮೇಲೆ ಕುಳಿತು ಬರೆದರು, ಒಂದು ಪ್ರತಿಯನ್ನು ಯಜಮಾನರ ಕೈಗಿತ್ತರು. "ಶುದ್ಧತೆ ತೃಪ್ತಿಕರ. ಮುಂದುವರಿಸಬಹುದು" ಎಂದಿತ್ತು.

ಯಜಮಾನರು ಅದನ್ನು ಓದಿದರು. ನನ್ನ ಕೈಗೆ ಕೊಟ್ಟರು. ನಾನು ಓದುವವರೆಗೂ ಕಾದರು. ಆಮೇಲೆ ಕೈ ತೊಳೆದು ಬಾಗಿಲಿಗೆ ಹೋಗಿ, ಸಂತೆಯ ಗದ್ದಲದ ಮೇಲೂ ಕೇಳುವಂತೆ, ಆ ಮೆತ್ತನೆಯ ಮನುಷ್ಯರ ಗಂಟಲಲ್ಲಿ ನಾನು ಎಂದೂ ಕೇಳಿರದಷ್ಟು ದೊಡ್ಡ ದನಿಯಲ್ಲಿ ಕೂಗಿದರು:

"ಮುಂದಿನೋರು ಬರ್ರಿ!"